ಸರಿ ಬಿಡು

"ಹೇಳಿ, ನಿಮ್ಮ ಅಭಿಪ್ರಾಯ ಏನು?"

ತಲೆಯೆತ್ತದೆ ಕೇಳಿದ ನಗರಸಭೆಯ ಮೇಡಂ, ಪರಿಚಯದ ಕೆಮ್ಮು ಕೇಳಿ ತಲೆಯೆತ್ತಿ ನೋಡಿದಳು. ಮೈಕಿನ ಮುಂದೆ ಅವಳ ಗಂಡ ನಿಂತಿದ್ದ. ಬೆಳಗಿನ ಬ್ರೆಡ್ಡು ಮಾರಿ ಮುಗಿಸಿ, ತನ್ನ ಬೇಕರಿಗೆ ಬೀಗ ಹಾಕಿ, ಮದುವೆ ಮನೆಗೆ ಹೊರಟವನಂತೆ ತಲೆ ಬಾಚಿಕೊಂಡು ಬಂದಿದ್ದ.

ಸಭೆ ಕರೆದಿದ್ದದ್ದು ನಗರಸಭೆಯ ಹವಾಮಾನ ಯೋಜನೆಯ ಬಗ್ಗೆ ಊರವರ ಅಭಿಪ್ರಾಯ ಕೇಳುವುದಕ್ಕೆ. ಹೊಗೆ ಕಡಿಮೆ ಮಾಡಲು ಅಂಗಡಿಗಳ ಸೌದೆ ಒಲೆಗಳನ್ನೆಲ್ಲ ಮುಚ್ಚಿಸಿ ಕರೆಂಟಿನ ಒಲೆ ಕೊಡಿಸಬೇಕು ಎಂಬ ಸಾಲನ್ನು ಯೋಜನೆಯಲ್ಲಿ ಬರೆದವಳು ಇವಳೇ. ಕದ್ದುಮುಚ್ಚಿಯೇನೂ ಬರೆದಿರಲಿಲ್ಲ; ಮೊದಲು ಓದಿ ಹೇಳಿದ್ದೇ ಗಂಡನಿಗೆ. ಅವನು ಹಿಟ್ಟು ನಾದುತ್ತಲೇ "ಸರಿ ಬಿಡು" ಎಂದಿದ್ದ. ಅವಳು ಆ "ಸರಿ"ಯನ್ನಷ್ಟೇ ಎತ್ತಿಕೊಂಡು ಆಫೀಸಿಗೆ ಹೋದಳು. "ಬಿಡು" ಬೇಕರಿಯಲ್ಲೇ ಉಳಿಯಿತು.

"ಮೇಡಂ," ಎಂದ ಅವನು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. "ನೀವು ಬರೆದಿರೋದೆಲ್ಲ ನ್ಯಾಯವಾಗೇ ಇದೆ. ಹೊಗೆ ಕುಡಿದೂ ಕುಡಿದೂ ನನ್ನ ಕೆಮ್ಮು ಹೇಗಾಗಿದೆ ಅಂತ ನಿಮಗಿಂತ ಚೆನ್ನಾಗಿ ಇಲ್ಲಿ ಯಾರಿಗೆ ಗೊತ್ತು?"

ಸಭೆ ಗೊಳ್ಳೆಂದಿತು. ಅವಳ ಕಿವಿ ಬಿಸಿಯಾಯಿತು.

"ಮುಂದೆ ಹೇಳಿ."

"ಸೌದೆ ಒಲೆ ಮುಂದೆ ಕೈ ಚಾಚಿದ್ರೆ ಸಾಕು, ಬ್ರೆಡ್ಡು ಇಡಬಹುದೋ ಇಲ್ವೋ ನಂಗೆ ಗೊತ್ತಾಗುತ್ತೆ. ಆ ಕರೆಂಟಿನ ಒಲೆ ತುಂಬ ಬರೀ ಗುಂಡಿಗಳು. ಈ ವಯಸ್ಸಲ್ಲಿ ನಾನು ಬ್ರೆಡ್ಡು ಸೀಸ್ಕೊಂಡು ಕೂತ್ರೆ ಊರೆಲ್ಲ ಆಡ್ಕೊಂಡು ನಗುತ್ತೆ. ಅದಕ್ಕೇ, ಒಲೆ ಮುಚ್ಚಿದ ದಿನ ಬೇಕರೀನೂ ಮುಚ್ಚಿಬಿಡೋಣ ಅಂತಿದೀನಿ. ನಂಗೆ ಹೆದರಿಕೆ ಕಣೇ."

ಈ ಸಲ ಯಾರೂ ನಗಲಿಲ್ಲ.

"ಹೆದರಿಕೆ, ಮೇಡಂ," ಎಂದು ಅವನೇ ತಿದ್ದಿಕೊಂಡು ತನ್ನ ಕುರ್ಚಿಗೆ ಹೋಗಿ ಕೂತ.

ಮನೆಯಲ್ಲಾಗಿದ್ದರೆ ಅವಳು ಅರ್ಧಕ್ಕೇ ಬಾಯಿ ಹಾಕಿ ಅವನ ಮಾತನ್ನು ತಾನೇ ಮುಗಿಸಿಬಿಡುತ್ತಿದ್ದಳು. ಇಲ್ಲಿ ಅಧಿಕಾರಿಗಳು ಎದುರು ಮಾತಾಡುವಂತಿಲ್ಲ, ಬರೆದುಕೊಳ್ಳಬೇಕು ಅಷ್ಟೇ. ಆ ನಿಯಮ ಮಾಡಿದವಳೂ ಅವಳೇ! ಬೇಕರಿ ಮುಚ್ಚುವ ವಿಷಯ ಅವಳ ಕಿವಿಗೆ ಬಿದ್ದದ್ದು ಇದೇ ಮೊದಲು, ಅದೂ ಊರವರ ಜೊತೆಗೆ. ಅವಳಿಗೆ ಸಂಕಟವಾಯಿತು. ಇಷ್ಟು ಹೇಳುವುದಕ್ಕೆ ಈ ಮನುಷ್ಯ ತಲೆ ಬಾಚಿಕೊಂಡು ಇಲ್ಲಿಯವರೆಗೂ ಬರಬೇಕಾಯಿತಲ್ಲ ಎಂದು ಸಿಟ್ಟು ಬಂತು. ಸಿಟ್ಟಿನ ಹಿಂದೆಯೇ ಅವನ ಮೇಲೆ ಮುದ್ದೂ ಬಂತು.

ಅವನು ಹೇಳಿದ್ದನ್ನು ಅಕ್ಷರ ಬಿಡದೆ ಬರೆದು, ಪಕ್ಕದಲ್ಲಿದ್ದ ಗುಮಾಸ್ತರ ಕಡೆ ಹಾಳೆ ತಳ್ಳಿದಳು. "ಸ್ವಲ್ಪ ಹೊತ್ತು ನೀವು ಬರ್ಕೊಳ್ಳಿ."

ವೇದಿಕೆಯಿಂದ ಕೆಳಗಿಳಿದು ಮೈಕಿನ ಸಾಲಿನಲ್ಲಿ ಕೊನೆಗೆ ನಿಂತಳು. ಮುಂದಿದ್ದ ಅಜ್ಜಿಯೊಬ್ಬರು ಹವಾಮಾನವನ್ನು ಪಕ್ಕಕ್ಕಿಟ್ಟು ತಮ್ಮ ಬೀದಿಯ ಚರಂಡಿಯನ್ನು ಸವಿಸ್ತಾರವಾಗಿ ವರ್ಣಿಸಿದರು. ಅದು ಮುಗಿಯುವವರೆಗೂ ಅವಳು ಕಾದಳು.

"ನಿಮ್ಮ ಪರಿಚಯ ಹೇಳಿ, ಮೇಡಂ," ಎಂದರು ಗುಮಾಸ್ತರು, ಅಭ್ಯಾಸಬಲದಿಂದ.

"ನಾನು ಬೇಕರಿಯವರ ಹೆಂಡತಿ." ಅವಳು ಮೈಕನ್ನು ತನ್ನ ಎತ್ತರಕ್ಕೆ ಇಳಿಸಿಕೊಂಡಳು. "ಹಳೇ ಒಲೆ ಮುಚ್ಚೋಕೆ ಮುಂಚೆ ಹೊಸದನ್ನ ತಂದು ಅದರ ಪಕ್ಕದಲ್ಲೇ ಇಡಬೇಕು. ಕೈ ಪಳಗೋವರೆಗೂ ಎರಡೂ ಇರಲಿ. ಕಲಿಸೋಕೆ ಆ ಒಲೆ ಗೊತ್ತಿರೋ ಬೇಕರಿಯವರೊಬ್ಬರನ್ನೇ ಕಳಿಸಿ. ಬರ್ಕೊಳ್ಳಿ."

ಗುಮಾಸ್ತರು ಬರೆದುಕೊಂಡರು. ಅವಳು ಗಂಡನ ಕಡೆ ತಿರುಗಿದಳು.

"ಸೀದಿದ್ದನ್ನ ನಾನು ತಿಂತೀನಿ ರೀ," ಎಂದಳು. ಮೈಕು ಅದನ್ನೂ ಸಭೆಗೆಲ್ಲ ಕೇಳಿಸಿತು. "ಇದನ್ನ ಬರ್ಕೋಬೇಡಿ."

ಗುಮಾಸ್ತರ ಪೆನ್ನು ಹಾಗೇ ನಿಂತಿತು. ಬೇಕರಿಯವನು ನೆಲ ನೋಡುತ್ತಾ ಕೂತಿದ್ದ. ಪಕ್ಕದ ಕುರ್ಚಿಯಲ್ಲಿದ್ದ ತನ್ನ ಕೈಚೀಲವನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು, ಅವಳಿಗೆ ಕುರ್ಚಿ ಖಾಲಿ ಮಾಡಿದ.