ಶಬ್ದದ ಚಿಕಿತ್ಸೆ ಬರುವವರೆಗೆ

ಬೆಟಗೇರಿಯ ನೇಕಾರರ ಓಣಿಯಲ್ಲಿ ಒಂದು ಮನೆಯ ಮಗ್ಗ ನಡುವೆಯೇ ನಿಂತರೆ ಮೊದಲು ತಿಳಿಯುವುದು ಪಕ್ಕದ ಮನೆಗೆ. ಆ ದಿನ ಕಾಂಚನಾಳ ಮಗ್ಗ ತಟ್ಟನೆ ನಿಂತಿತು. ಪಕ್ಕದ ಮನೆಯ ಆಶಾ ಕಾರ್ಯಕರ್ತೆ ಫರ್ಹಾನಾ ರೊಟ್ಟಿ ಬಡಿಯುವುದನ್ನು ಬಿಟ್ಟು ಓಡಿ ಬಂದಳು.

ಕಾಂಚನಾ ಮಗ್ಗದ ಪಕ್ಕದಲ್ಲಿ ಬಿದ್ದು ಒದ್ದಾಡುತ್ತಿದ್ದಳು. ಅತ್ತೆ ಗುರುಸಿದ್ದವ್ವ ಸೊಸೆಯ ಮುಷ್ಟಿಯೊಳಗೆ ಮಗ್ಗದಲ್ಲಿ ನೂಲು ಓಡಿಸುವ, ಕಬ್ಬಿಣದ ಮೊನೆಯ ಲಾಳಿಯನ್ನು ತುರುಕುತ್ತಿದ್ದರು. ಬೇರೆಯವರ ಮನೆಯಲ್ಲಿ ಬೀಗದ ಕೈ ಹಿಡಿಸಿದರೆ ನೇಕಾರರ ಮನೆಯಲ್ಲಿ ಲಾಳಿ. ಫಿಟ್ಸ್ ಬಂತೆಂದರೆ ಕಬ್ಬಿಣ ಹುಡುಕುವುದರಲ್ಲಿ ನಾವು ಬಲು ಚುರುಕು.

"ಲಾಳಿ ತಗೀರಿ ಅವ್ವಾರ, ಚುಚ್ಚೀತು. ಕೈಕಾಲು ಒತ್ತಿ ಹಿಡೀಬ್ಯಾಡ್ರಿ, ಬಾಯಾಗ ಏನೂ ಹಾಕಬ್ಯಾಡ್ರಿ" ಎಂದಳು ಫರ್ಹಾನಾ. ತಲೆಯ ಕೆಳಗೆ ಮಡಿಸಿದ ಸೀರೆ ಇಟ್ಟು, ಕಾಂಚನಾಳನ್ನು ಮೆಲ್ಲಗೆ ಒಂದು ಮಗ್ಗುಲಿಗೆ ಹೊರಳಿಸಿದಳು. ಸ್ವಲ್ಪ ಹೊತ್ತಿಗೆ ಸೆಳೆತ ನಿಂತಿತು, ಕಾಂಚನಾ ಕಣ್ಣು ತೆರೆದಳು.

"ಮದುವಿ ಆದಾಗಿಂದ ಫಿಟ್ಸ್ ಬಂದಿರಲಿಲ್ಲಲ್ಲ. ದಿನಾ ನುಂಗೂ ಗುಳಿಗಿ ಬಿಟ್ಟಾಳೇನು?" ಎಂದು ಫರ್ಹಾನಾ ಕೇಳಿದಳು.

ಅಷ್ಟರಲ್ಲಿ ಓಡಿ ಬಂದಿದ್ದ ಗಂಡ ಮಹಾದೇವ ಮೊಬೈಲ್ ತೆಗೆದ. "ನಾನ ಬಿಡಿಸೀನಿ. ಈ ವಿಡಿಯೋ ನೋಡು. ತಲಿ ಕೊಯ್ಯಂಗಿಲ್ಲ, ಶಬ್ದದ ಅಲಿ ಮಿದುಳಿಗೆ ಬಿಟ್ಟು ಫಿಟ್ಸ್ ನಿಲ್ಲಿಸ್ತಾರಂತ. ಅದನ್ನ ಮಾಡಸೂಣು, ಗುಳಿಗಿ ಯಾಕ ಅಂದೆ."

"ಗುಳಿಗಿ ನುಂಗಿ ನುಂಗಿ ಸೊಸಿ ಬಡಕಲಾಗ್ಯಾಳ" ಎಂದರು ಗುರುಸಿದ್ದವ್ವ.

"ಆ ಚಿಕಿತ್ಸಿ ಬಗ್ಗೆ ನನಗೂ ಪೂರಾ ಗೊತ್ತಿಲ್ರಿ. ನಡೀರಿ, ಡಾಕ್ಟರನ್ನ ಕೇಳೂಣು" ಎಂದಳು ಫರ್ಹಾನಾ. ಅವತ್ತೇ ಎಲ್ಲರೂ ಗದಗಿನ ಆಸ್ಪತ್ರೆಗೆ ಹೋದರು.

ಡಾಕ್ಟರು ವಿಡಿಯೋ ಪೂರ್ತಿ ನೋಡಿದರು. "ಇದು ಸುಳ್ಳಲ್ಲ. ಬಸುರಿ ಹೊಟ್ಟಿ ಸ್ಕ್ಯಾನ್ ಮಾಡ್ತಾರಲ್ಲ, ಅಂಥಾದ ಅಲಿ. ಕಿವಿಗೆ ಕೇಳಂಗಿಲ್ಲ. ಅದನ್ನ ಮಿದುಳಿನ ಒಂದು ಸಣ್ಣ ಜಾಗಕ್ಕ ಗುರಿ ಇಟ್ಟು ಬಿಟ್ರ ಫಿಟ್ಸ್ ಕಡಿಮಿ ಆಗ್ತಾವೇನು ಅಂತ ನೋಡಾಕತ್ಯಾರ. ಆದ್ರ ಇನ್ನೂ ಪ್ರಯೋಗದಾಗ ಐತಿ. ಅದೂ ಹೆಚ್ಚಾಗಿ ಗುಳಿಗಿಗೆ ಬಗ್ಗದವರಿಗೆ."

"ಹಂಗಾರ ನಮ್ಮಾಕಿಗೆ?" ಎಂದ ಮಹಾದೇವ.

"ನಿಮ್ಮಾಕಿಗೆ ಗುಳಿಗೀನ ಹಿಡಿದೈತಿ. ಹಿಂಗ ತಟ್ಟನ ಬಿಟ್ರ ಜೀವಕ್ಕ ಕುತ್ತು. ಬಡಕಲಾಗ್ಯಾಳ ಅನ್ನೂದಿದ್ರ ನನಗ ಹೇಳ್ರಿ, ತಪಾಸಣಿ ಮಾಡಿ ಗುಳಿಗಿ ಬದಲಿ ಮಾಡಾಕ ಬರ್ತೈತಿ. ನೀವ ಬಿಡಿಸಬ್ಯಾಡ್ರಿ."

ಮಹಾದೇವ ತಲೆ ತಗ್ಗಿಸಿದ. "ಮೋಡ ನೋಡಿ ಕೊಡದಾಗಿನ ನೀರು ಚೆಲ್ಲಿದ್ವಲ್ಲೋ ತಮ್ಮಾ" ಎಂದರು ಗುರುಸಿದ್ದವ್ವ. ನಲ್ಲಿ ನೀರಿನ ದಾರಿ ಕಾಯುವ ಬೆಟಗೇರಿಯವರಿಗೆ ಆ ಮಾತನ್ನು ಬಿಡಿಸಿ ಹೇಳಬೇಕಿಲ್ಲ.

ಕೆಲವು ತಿಂಗಳಾದ ಮೇಲೆ ಒಂದು ಸಂಜೆ ಕಾಂಚನಾಳ ಮಗ್ಗ ಮತ್ತೆ ತಟ್ಟನೆ ನಿಂತಿತು. ಫರ್ಹಾನಾ ಎದೆ ಹಿಡಿದುಕೊಂಡು ಓಡಿದಳು. ಒಳಗೆ ಗುರುಸಿದ್ದವ್ವ ಒಂದು ಕೈಯಲ್ಲಿ ನೀರಿನ ತಂಬಿಗೆ, ಇನ್ನೊಂದರಲ್ಲಿ ಗುಳಿಗೆ ಹಿಡಿದು ನಿಂತಿದ್ದರು.

"ಹೆದರಬ್ಯಾಡವ್ವಾ. ಗುಳಿಗಿ ಹೊತ್ತಾತು, ನಾನ ಮಗ್ಗ ನಿಲ್ಲಿಸೀನಿ" ಎಂದರು. ಸೊಸೆಗೆ ಗುಳಿಗೆ ಕೊಟ್ಟು ಫರ್ಹಾನಾಳ ಕೈ ಹಿಡಿದುಕೊಂಡರು. "ಅವತ್ತ ಮಗ್ಗ ನಿಂತದ್ದು ನಿನಗ ಕೇಳಿಸಿತು, ನನ್ನ ಸೊಸಿ ಉಳದ್ಲು. ನಿನ್ನ ಉಪಕಾರ ಮರಿಯಂಗಿಲ್ಲ ಯವ್ವಾ."

"ನಮ್ಮ ಎರಡೂ ಮನಿಗೆ ಗ್ವಾಡಿ ಒಂದ ಐತಲ್ರಿ, ಕೇಳಸ್ತೈತಿ" ಎಂದಳು ಫರ್ಹಾನಾ, ಕಣ್ಣೊರೆಸಿಕೊಂಡು. ಕಾಂಚನಾ ನಗುತ್ತ ಮತ್ತೆ ಲಾಳಿ ಎಸೆದಳು.

ಅಕ್ಕ-ತಂಗಿಯರೇ, ಅಣ್ಣ-ತಮ್ಮಂದಿರೇ, ಫಿಟ್ಸ್ ಬಂದವರ ಕೈಗೆ ಕಬ್ಬಿಣ ಕೊಡಬೇಡಿ, ಮಗ್ಗುಲಿಗೆ ಹೊರಳಿಸಿ. ಐದು ನಿಮಿಷವಾದರೂ ನಿಲ್ಲದಿದ್ದರೆ ೧೦೮ಕ್ಕೆ ಕರೆ ಮಾಡಿ. ಹೊಸ ಚಿಕಿತ್ಸೆಯ ಸುದ್ದಿ ಕೇಳಿದರೆ ಡಾಕ್ಟರ ಹತ್ತಿರ ಒಯ್ಯಿರಿ. ಅದು ಬರಲಿ, ಬಂದ ದಿನ ಎಲ್ಲರೂ ಸಂತೋಷಪಡೋಣ. ಅಲ್ಲಿಯವರೆಗೆ ನಿಮ್ಮ ಮನೆಯವರಿಗೆ ಇಂದಿನ ಗುಳಿಗೆಯನ್ನು ಇಂದೇ ಕೊಡಿ.