ಹಂಸಿನಿ ಕೇಳಿದ್ದು

ಅಮೆರಿಕದ ಪಾರ್ಸಿಪನಿಯಲ್ಲಿ ಶಿವರಾಮ್ ಮನೆಯ ಪಾಟ್‌ಲಕ್ಕು, ಒಬ್ಬೊಬ್ಬರು ಒಂದೊಂದು ಅಡುಗೆ ತಂದು ಕೂಡಿ ಉಣ್ಣುವ ಊಟ. ಎಲ್ಲರೂ ತಟ್ಟೆ ಹಿಡಿದು ನಿಂತಿದ್ದಾಗ, ಎಂಟು ತಿಂಗಳ ಕೂಸನ್ನು ಸೊಂಟದ ಮೇಲಿಟ್ಟುಕೊಂಡೇ ಹಂಸಿನಿ ಕೃಷ್ಣಸ್ವಾಮಿಯವರನ್ನು ಕೇಳಿದಳು.

"ಅಂಕಲ್, ಸೋಮವಾರ ಪಾಪುಗೆ ಫ್ಲೂ ವ್ಯಾಕ್ಸಿನ್ ಇದೆ. ಕೆಡದೇ ಇರ್ಲಿ ಅಂತ ಅದಕ್ಕೆ ಪಾದರಸ ಹಾಕ್ತಾರಂತೆ, ನಿಜವಾ?"

ಕೃಷ್ಣಸ್ವಾಮಿ ಇಲ್ಲಿನ ಔಷಧ ಕಂಪನಿಯೊಂದರಲ್ಲಿ ದುಡಿದು ನಿವೃತ್ತರಾದವರು. ಕೆ.ಆರ್. ನಗರದ ಕಡೆಯ ಹಳ್ಳಿಯವರು. ಸೋದರಮಾವಂದಿರು ಜಗಲಿಯ ಮೇಲೆ ಕೂತು ಅಕ್ಕನ ಮಕ್ಕಳನ್ನು ಗೋಳುಹೊಯ್ದುಕೊಳ್ಳುವುದನ್ನು ಕಂಡೇ ಬೆಳೆದಿದ್ದರಿಂದ, ರೇಗಿಸುವುದೂ ಅಕ್ಕರೆಯೇ ಎಂದು ನಂಬಿದ್ದರು. ಹಂಸಿನಿ ತಂದಿದ್ದ ಹೇರಳೆಕಾಯಿ ಉಪ್ಪಿನಕಾಯಿಯ ಜಾಡಿಯನ್ನು ಮೇಲೆತ್ತಿದರು.

"ಇದಕ್ಕೆ ಉಪ್ಪು ಹಾಕಿದ್ದೀಯೇನಮ್ಮ?"

"ಹೂಂ."

"ಕೆಡಬಾರ್ದು ಅಂತ ತಾನೆ? ಹಂಗಾದ್ರೆ ಇದೂ ಪ್ರಿಸರ್ವೇಟಿವ್ವೇ! ಯಾರೂ ಮುಟ್ಬೇಡ್ರಪ್ಪೋ, ಹಂಸಿನಿ ನಮಗೆಲ್ಲ ವಿಷ ತಂದವಳೆ!"

"ಆಂಬುಲೆನ್ಸ್ ಕರೀಲಾ?" ಅಂದ ಶಿವರಾಮ್, ಚಮಚ ಹಿಡಿದ ಕೈಯನ್ನು ಹಿಂದಕ್ಕೆಳೆದುಕೊಂಡು. ಮನೆಯೆಲ್ಲ ನಗು. ಹಂಸಿನಿಯೂ ನಕ್ಕಳು, ಕಿವಿ ಮಾತ್ರ ಕೆಂಪಾಗಿತ್ತು. ಆ ತಮಾಷೆ ಬಾಯಿಂದ ಬಾಯಿಗೆ ತಿರುಗುತ್ತಲೇ ಇತ್ತು. ಯಾರೂ ಜಾಡಿಯ ಮುಚ್ಚಳ ತೆಗೆಯಲಿಲ್ಲ. ಹೊರಡುವಾಗ ಅವಳು ಅದನ್ನು ತುಂಬಿದ್ದಂತೆಯೇ ಎತ್ತಿಕೊಂಡು ಹೋದಳು.

ಕಾರಿನಲ್ಲಿ ಕೃಷ್ಣಸ್ವಾಮಿಯವರ ಹೆಂಡತಿ ಪ್ರಭಾ ಕೇಳಿದರು: "ಆ ಹುಡುಗಿ ಕೇಳಿದ್ದಕ್ಕೆ ಉತ್ತರ ಹೇಳಿದ್ರಾ?"

"ತಮಾಷೆ ಕಣೇ. ಮಗಳಿದ್ದಂಗೆ."

"ಹೇಳಿದ್ರಾ ಅಂದೆ."

ಹೇಳಿರಲಿಲ್ಲ.

ವಾರ ಕಳೆಯುವುದರೊಳಗೆ ಪ್ರಭಾ ಸುದ್ದಿ ತಂದರು. ಹಂಸಿನಿ ಅಪಾಯಿಂಟ್‌ಮೆಂಟ್ ಕ್ಯಾನ್ಸಲ್ ಮಾಡಿದ್ದಳು. "ಅಷ್ಟು ತಿಳಿದಿರೋ ಅಂಕಲ್ಲೇ ನಕ್ಕು ಮಾತು ಹಾರಿಸಿದ್ರು ಅಂದ್ರೆ ಒಳಗೇನೋ ಇರ್ಬೇಕು ಅಂತಿದ್ಲು. ಮಗು ಹೋಗೋ ಡೇಕೇರಲ್ಲಿ ಆಗ್ಲೇ ಫ್ಲೂ ಶುರುವಾಗಿದ್ಯಂತೆ."

ಕೃಷ್ಣಸ್ವಾಮಿ ಕಾಫಿ ಲೋಟ ಕೆಳಗಿಟ್ಟರು. ಹಾಗೇ ಎದ್ದು ಅವಳ ಅಪಾರ್ಟ್‌ಮೆಂಟಿಗೆ ಹೋದರು.

"ಬನ್ನಿ ಅಂಕಲ್," ಅಂದಳು. ಮುಖದಲ್ಲಿ ಸಿಟ್ಟಿರಲಿಲ್ಲ, ಸಲಿಗೆಯೂ ಇರಲಿಲ್ಲ.

"ತಪ್ಪಾಯ್ತಮ್ಮ. ನೀನು ಕೇಳಿದ್ದು ಸರಿಯಾಗೇ ಇತ್ತು. ಪಾದರಸ ಇರೋ ಒಂದು ಕೆಮಿಕಲ್ ಹಾಕ್ತಿದ್ದದ್ದು ನಿಜ. ಅದೂ ಹಲವು ಡೋಸಿನ ಬಾಟಲಿಗೆ. ಸೂಜಿ ಮತ್ತೆ ಮತ್ತೆ ಒಳಗೆ ಹೋಗುತ್ತಲ್ಲ, ಕ್ರಿಮಿ ಸೇರ್ಬಾರ್ದು ಅಂತ. ಅದು ಮೀನಲ್ಲಿರೋ ಪಾದರಸದ ಥರ ಅಲ್ಲ, ಮೈಯಿಂದ ಬೇಗ ಹೋಗ್ಬಿಡುತ್ತೆ. ಎಷ್ಟೋ ವರ್ಷ ಪರೀಕ್ಷೆ ಮಾಡಿ ನೋಡಿದ್ದಾರೆ, ಮಕ್ಕಳಿಗೆ ತೊಂದ್ರೆ ಆದದ್ದು ಕಂಡಿಲ್ಲ. ಒಂದೇ ಡೋಸಿನ ಸಿರಿಂಜಲ್ಲಂತೂ ಅದು ಇರೋದೇ ಇಲ್ಲ."

"ಇಷ್ಟೇನಾ?"

"ಇಷ್ಟೇ."

"ಅವತ್ತು ಇಷ್ಟು ಹೇಳೋಕೆ ಎಷ್ಟೊತ್ತು ಬೇಕಿತ್ತು ಅಂಕಲ್?"

ಇನ್ನೊಬ್ಬರ ಪೈರಿಗೆ ದನ ಬಿಟ್ಟು ಸಿಕ್ಕಿಬಿದ್ದವನ ಹಾಗೆ ಅವರು ಕಾರ್ಪೆಟ್ ನೋಡುತ್ತ ನಿಂತರು.

ಹಂಸಿನಿ ಅಲ್ಲೇ ಕ್ಲಿನಿಕ್ಕಿಗೆ ಫೋನ್ ಮಾಡಿದಳು. ಮೊದಲು ಒಂದೇ ಡೋಸಿನ ಸಿರಿಂಜೇ ಎಂದು ಖಚಿತ ಮಾಡಿಕೊಂಡು, ಆಮೇಲೆ ಶುಕ್ರವಾರಕ್ಕೆ ಸಮಯ ಕೇಳಿದಳು. ಕೃಷ್ಣಸ್ವಾಮಿಯವರಿಗೆ ಉಸಿರು ಬಂದ ಹಾಗಾಯಿತು.

"ನಾನು ಡ್ರೈವ್ ಮಾಡ್ಕೊಂಡು ಕರ್ಕೊಂಡ್ಹೋಗ್ಲಾ?"

"ಬೇಡ ಅಂಕಲ್. ಡಾಕ್ಟರನ್ನ ಇನ್ನೂ ಏನೇನೋ ಕೇಳೋದಿದೆ. ನೀವಿದ್ರೆ ಕೇಳೋಕಾಗಲ್ಲ."

ಅವರು ಬಗ್ಗಿ ಶೂ ಹಾಕಿಕೊಂಡರು. ಮಗುವನ್ನೆತ್ತಿಕೊಂಡು ಅವಳು ಬಾಗಿಲು ಹಿಡಿದು ಕಾಯುತ್ತಿದ್ದಳು.

"ಆಂಟೀನ ಕೇಳ್ದೆ ಅಂತ ಹೇಳಿ," ಅಂದಳು.

ತಲೆ ಎತ್ತದೆಯೇ ಹೂಂ ಅಂದು, ಕಟ್ಟಿದ್ದ ಲೇಸನ್ನೇ ಬಿಚ್ಚಿ ಮತ್ತೆ ಕಟ್ಟತೊಡಗಿದರು.