ಹತ್ತು ಸಾರಿ

"ಊಟ ಬಲ್ಲವನಿಗೆ ರೋಗವಿಲ್ಲ, ಸಾರಿ ಬಲ್ಲವನಿಗೆ ಜಗಳವಿಲ್ಲ" ಎಂದು ವಿಕ್ರಾಂತ ಗಾದೆಯ ಕಾಲು ಮುರಿದು ಚಹದಂಗಡಿಯ ಬೆಂಚಿನ ಮೇಲೆ ಕೂರಿಸಿದಾಗ ಕಾಗವಾಡದ ಬಸ್‌ಸ್ಟ್ಯಾಂಡಿನಲ್ಲಿ ಹೊತ್ತು ಇನ್ನೂ ನೆತ್ತಿಗೆ ಬಂದಿರಲಿಲ್ಲ. ಈ ಕಥೆಯಲ್ಲಿ ಸುಳ್ಳೇನಾದರೂ ಇದ್ದರೆ ಆ ಗಾದೆಯೊಂದೇ. ಮುಂದಿನದೆಲ್ಲ ನಡೆದದ್ದು.

ಬಿ.ಕಾಂ. ಮುಗಿಸಿ ಬಂದಿದ್ದ ವಿಕ್ರಾಂತನಿಗೆ ಊರಿನ ಯಾರ ದನಿಯನ್ನು ಅಣಕಿಸುವುದೂ ಸಲೀಸು. ಅವತ್ತು ಅವನು ಸಾರಿಯ ಮೆರವಣಿಗೆ ಹೊರಡಿಸಿದ್ದ. ಮಿರಜ ಬಸ್ಸಿನ ಕಂಡಕ್ಟರನಾಗಿ ಗೆಳೆಯ ಭರತನ ಕಾಲು ತುಳಿದು "ಸಾರಿ ಕಾಕಾ, ಪುಢೆ ಸರ್ಕಾ" ಎಂದು ಮರಾಠಿಯಲ್ಲಿ ಮುಂದೆ ಸರಿಸಿದ. ಬ್ಯಾಂಕಿನ ಕೌಂಟರಿನ ಹೆಂಗಸಾಗಿ ಕನ್ನಡಕದ ಮೇಲಿಂದ ನೋಡಿ "ಸಾರಿ ರೀ, ಸರ್ವರ್ ಇಲ್ಲ, ನಾಳಿ ಬರ್ರಿ" ಅಂದ. ರಾಡಿ ಸಿಡಿಸಿ, ತಿರುಗಿಯೂ ನೋಡದೆ, ಸಾರಿಯನ್ನು ಹೊಗೆಯ ಜೊತೆ ಹಿಂದಕ್ಕೆ ಬಿಟ್ಟು ಹೋಗುವ ಮೋಟಾರ್‌ಸೈಕಲ್ಲಿನವನೂ ಆದ.

"ಕನ್ನಡದಾಗ 'ಕ್ಷಮಿಸಿ' ಅನ್ನಾಕಿ ಒಬ್ಬಾಕಿನ ನೋಡ್ಲೇ" ಎಂದ. "ಫೋನ್ ಹತ್ತಲಿಲ್ಲಂದ್ರ ಒಳಗಿಂದ ಮಾತಾಡ್ತಾಳಲ್ಲ, ಆಕಿ. ಆಕಿನೂ ಮನಶ್ಯಾಳಲ್ಲ."

ಭರತ ನಕ್ಕ. "ನಿಮ್ಮ ಮುತ್ಯಾನ ಬಿಟ್ಟಿಯಲ್ಲ. ಮೊನ್ನಿ ಎಮ್ಮಿ ಬಾಲಾ ತುಳದು ಅದಕ್ಕೂ ಸಾರಿ ಅಂದಾನ. ನಾ ಕಣ್ಣಾರೆ ಕಂಡೇನಿ."

ಅದು ಖರೆ. ವಿಕ್ರಾಂತನ ಅಜ್ಜ ಲಗಮಣ್ಣನಿಗೆ ಒಂದು ವರ್ಷದಿಂದೀಚೆಗೆ ಸಾರಿಯ ಚಟ ಹತ್ತಿತ್ತು. ತಪ್ಪು ನಂಬರಿನಿಂದ ಫೋನ್ ಮಾಡಿದವನಿಗೆ ಇವನೇ ಸಾರಿ ಹೇಳುತ್ತಿದ್ದ. ಹೆಂಡತಿ ಗೌರಾಬಾಯಿ ರೊಟ್ಟಿ ನೀಡುವಾಗ ಕೈಗೆ ಕೈ ತಾಗಿದರೂ ಸಾರಿ. "ಐವತ್ತ ವರ್ಷದ ಸಂಸಾರ, ಈಗ ನನಗ ಸಾರಿ ಅಂತಾನಲ್ಲ ಇಂವ, ಯಾವಾಕಿ ಕಲಿಸಿದ್ಲು" ಎಂದು ಗೌರಾಬಾಯಿ ನೆರೆಯವರ ಮುಂದೆ ಆಡಿಕೊಂಡು ನಗುತ್ತಿದ್ದಳು.

"ಒಂದ ಫೋನಿನ್ಯಾಗ ಹತ್ತ ಸಾರಿ ಸಾರಿ ಅನಸ್ತೀನಿ, ನೋಡ್ತಿ?" ಎಂದ ವಿಕ್ರಾಂತ.

"ಅನಸು. ಈ ವಾರದ ಚಹಾ ನಂದು. ಯಾರ ದನಿ ತಗೀತಿ?"

ವಿಕ್ರಾಂತ ಸ್ವಲ್ಪ ಯೋಚಿಸಿ, ಗಂಟಲೊಳಗೆ ಎರಡು ಸಲ ಕೆಮ್ಮಿ, ಕೊನೆಯ ಅಕ್ಷರವನ್ನು ಎಳೆದು, "ಸಾವ್ಕಾರ್ರ… ನಾ ಭೀಮಸಿ" ಅಂದ. ಚಹದಂಗಡಿಯವನು ತಿರುಗಿ ನೋಡಿದ, ಭೀಮಸಿ ಎಲ್ಲಿ ಬಂದ ಎಂದು.

ಭೀಮಸಿ ಕುರಿಯವನು. ಮೂವತ್ತು ವರ್ಷ ದ್ರಾಕ್ಷಿ ಕೊಯ್ಲು ಮುಗಿದ ಮೇಲೆ ಅವನ ಹಿಂಡು ಲಗಮಣ್ಣನ ತೋಟಕ್ಕೇ ಬರುತ್ತಿತ್ತು. ಹಗಲು ಬಳ್ಳಿಸಾಲಿನ ನಡುವಿನ ಹುಲ್ಲು ಮೇಯುವುದು, ರಾತ್ರಿ ಅಲ್ಲೇ ತರುಬಿ ನೆಲಕ್ಕೆ ಗೊಬ್ಬರ ಕೊಡುವುದು. ಅವರ ನಡುವೆ ಒಂದೇ ಕರಾರು. ತೋಟಕ್ಕೆ ಔಷಧ ಹೊಡೆದ ದಿನ ಲಗಮಣ್ಣ ಅದರ ಖಾಲಿ ಬಾಟ್ಲಿಯನ್ನು ಬಾಗಿಲ ಗೂಟಕ್ಕೆ ತಲೆಕೆಳಗಾಗಿ ಕಟ್ಟಬೇಕು. ಬಾಟ್ಲಿ ತೂಗುತ್ತಿದ್ದರೆ ಕುರಿ ಒಳಗೆ ಬರಬಾರದು. ಇಳಿದ ಮೇಲೆ ಬರಬಹುದು. ಓದು ಬಾರದ ಭೀಮಸಿ ಮೂವತ್ತು ವರ್ಷ ಆ ಗೂಟವನ್ನೇ ಓದಿಕೊಂಡು ಬಂದಿದ್ದ.

ಹೋದ ವರ್ಷ ಹಿಂಡು ತೋಟಕ್ಕಿಳಿದ ಮೊದಲ ಮುಂಜಾನೆಯೇ ಹನ್ನೊಂದು ಕುರಿ ಸತ್ತು ಬಿದ್ದವು. ಗೂಟದಲ್ಲಿ ಬಾಟ್ಲಿ ತೂಗುತ್ತಿತ್ತು. ಭೀಮಸಿಗೆ ಕಾಣಲಿಲ್ಲವಂತೆ, ಕಣ್ಣು ಹೋಗಿವೆಯಂತೆ ಎಂದು ಊರು ಮಾತಾಡಿತು. ಭೀಮಸಿಯೂ ಹಾಗೇ ಅಂದ. ಉಳಿದ ಹಿಂಡನ್ನು ಅಳಿಯ ಅಮೋಘಸಿದ್ದನಿಗೆ ಒಪ್ಪಿಸಿ ಮನೆಯಲ್ಲಿ ಕೂತ. ಆಮೇಲೆ ಅವನು ಇತ್ತ ಬರಲಿಲ್ಲ, ಲಗಮಣ್ಣ ಅತ್ತ ಹೋಗಲಿಲ್ಲ. ಮುತ್ಯಾನಿಗೆ ಭೀಮಸಿಯ ಮೇಲೆ ಸಿಟ್ಟಿದೆ ಎಂದೇ ವಿಕ್ರಾಂತ ತಿಳಿದಿದ್ದ. ಭೀಮಸಿ ತಾನಾಗಿ ಸೋತು ಮಾತಾಡಿದರೆ ಮುತ್ಯಾ ಕರಗಿ ಸಾರಿಗಳ ಮಳೆ ಸುರಿಸುತ್ತಾನೆ ಎಂಬುದು ಅವನ ಲೆಕ್ಕ.

ಭರತನ ಫೋನಿನಿಂದ ನಂಬರು ಒತ್ತಿ ಸ್ಪೀಕರ್ ಹಾಕಿದ. ಎಣಿಸಲು ಭರತ ಮುಷ್ಟಿ ಹಿಡಿದು ಕೂತ, ಸಾರಿಗೊಂದು ಬೆರಳು ಬಿಚ್ಚಲು.

"ಯಾರು?" ಎಂದ ಲಗಮಣ್ಣ.

"ಸಾವ್ಕಾರ್ರ… ನಾ ಭೀಮಸಿ. ಮಂದಿ ಫೋನ್ಲೆ ಮಾತಾಡಾಕತ್ತೇನಿ."

ಅತ್ತ ಉಸಿರು ಕೇಳಿಸಿತು.

"ಒಂದ ಮಾತ ಹೇಳೂದಿತ್ರಿ. ಅವತ್ತ ಬಾಟ್ಲಿ ನನಗ ಕಾಣಲಿಲ್ರಿ. ನನ್ನ ಕಣ್ಣಿನ ತಪ್ಪು. ನೀವು ಮನಸಿನ್ಯಾಗ ಇಟಗೋಬ್ಯಾಡ್ರಿ. ಸಾರಿ ರೀ ಸಾವ್ಕಾರ್ರ."

ಭರತ ಬಾಯಿಗೆ ಟಾವೆಲ್ ಒತ್ತಿಕೊಂಡ. ಫೋನ್ ಕಡಿಯಿತೇನೋ ಎಂದು ವಿಕ್ರಾಂತ ಪರದೆ ನೋಡಿದ. ಸೆಕೆಂಡುಗಳು ಓಡುತ್ತಲೇ ಇದ್ದವು.

"ಭೀಮಸಿ" ಎಂದ ಲಗಮಣ್ಣ. ಆ ದನಿಯನ್ನು ವಿಕ್ರಾಂತ ಎಂದೂ ಕೇಳಿರಲಿಲ್ಲ. "ನೀ ಹಂಗ ಅನಬ್ಯಾಡೋ. ಬಾಟ್ಲಿ ಇದ್ರಲ್ಲೇನು ಕಾಣೂದು. ಕಟ್ಟೇ ಇರಲಿಲ್ಲ ನಾ. ಹಿಂದಿನ ದಿನಾ ಸಂಜಿಮುಂದ ಔಷಧಾ ಹೊಡದು ಮರತು ಮನಿಗಿ ಬಂದಿದ್ನಿ. ನೀ ಕುರಿ ಬಾಯಾಗ ಮಜ್ಜಿಗಿ ಹೊಯ್ಯಾಕತ್ತಿದ್ದಿ ನೋಡು, ಆವಾಗ ಕಟ್ಟಿದ್ನಿ. ಕಟ್ಟಿ, ನಿನ್ನ ಮ್ಯಾಲ ಒದರಿದ್ನಿ, ಕಾಣಲಿಲ್ಲೇನ್ಲೇ ಅಂತ."

ಭರತನ ಮುಷ್ಟಿ ಹಾಗೇ ಇತ್ತು. ಒಂದು ಬೆರಳೂ ಬಿಚ್ಚಿರಲಿಲ್ಲ.

"ಏನರ ಅನ್ನೋ" ಎಂದಿತು ಫೋನು.

ವಿಕ್ರಾಂತ ಫೋನನ್ನು ಬಾಯಿಯ ಹತ್ತಿರ ತಂದ. "ಮುತ್ಯಾ" ಎಂದ ತನ್ನ ದನಿಯಲ್ಲಿ. "ನಾ, ವಿಕ್ರಾಂತ. ಚಾಷ್ಟಿ ಮಾಡಾಕ ಹೋಗಿ…"

ಬೈಗುಳ ಬರುತ್ತದೆಂದು ಅವನು ಕಣ್ಣು ಮುಚ್ಚಿದ.

"ಗಾಡಿ ಐತೇನು?" ಎಂದ ಲಗಮಣ್ಣ. "ತಗೊಂಡು ಬಾ."

ಕಬ್ಬಿನ ನಡುವಿನ ಕಚ್ಚಾ ದಾರಿಯಲ್ಲಿ ಭೀಮಸಿಯ ಮನೆಗೆ ಹೊರಟಾಗ ಮುತ್ಯಾ ಹಿಂದೆ ಕೂತಿದ್ದ. ತಗ್ಗಿಗೆ ಗಾಡಿ ಜಿಗಿದಾಗ ಅವನ ಗದ್ದ ವಿಕ್ರಾಂತನ ಬೆನ್ನಿಗೆ ಬಡಿಯಿತು. ಆಗಲೂ ಸಾರಿ ಬರಲಿಲ್ಲ.

ಭೀಮಸಿ ಮನೆಯ ಮುಂದೆ ಬೇವಿನ ಬುಡದಲ್ಲಿ ಕಂಬಳಿ ಹಾಸಿ ಕೂತಿದ್ದ. ಒಂದೇ ಒಂದು ಆಡಿನ ಹಗ್ಗ ಅವನ ಕಾಲಿನ ಹೆಬ್ಬೆರಳಿಗೆ ಸುತ್ತಿತ್ತು. ಮೂಗಿನ ಮೇಲೆ ದಪ್ಪ ಗಾಜಿನ ಕನ್ನಡಕ. ಬಂದವರನ್ನು ಅವನು ಗಾಡಿಯ ಸಪ್ಪಳದಿಂದಲೇ ಅಂದಾಜು ಮಾಡುವವನಂತೆ ಕತ್ತು ಓರೆ ಮಾಡಿದ.

ಅವನ ಹೆಂಡತಿ ದುಂಡವ್ವ ಹೊರಗೆ ಬಂದಳು. "ಬರ್ರಿ ಸಾವ್ಕಾರ್ರ. ನಮ್ಮ ಮನಿ ದಾರಿ ಇನ್ನೂ ನೆಪ್ಪೈತಿ ಅಂತಾತು" ಎಂದು, ಉತ್ತರಕ್ಕೆ ಕಾಯದೆ ಚಹಾ ಇಡಲು ಒಳಗೆ ಹೋದಳು.

"ಕುಂಡ್ರಿ" ಎಂದ ಭೀಮಸಿ, ಕಂಬಳಿಯ ಅಂಚನ್ನು ಕೈಯಿಂದ ಒರೆಸಿ.

ಲಗಮಣ್ಣ ಕೂರಲಿಲ್ಲ. ಟೋಪಿ ತೆಗೆದು ಎರಡೂ ಕೈಯಲ್ಲಿ ಹಿಡಿದುಕೊಂಡ. ತುಟಿ ಒಮ್ಮೆ 'ಸಾ' ಎಂಬಲ್ಲಿಗೆ ತೆರೆದು ಮುಚ್ಚಿತು.

"ಬಾಟ್ಲಿ ಇರಲಿಲ್ಲ ಭೀಮಸಿ" ಎಂದ. "ಕುರಿ ಬಿದ್ದ ಮ್ಯಾಲ ಕಟ್ಟಿದ್ನಿ. ನಿನ್ನ ಕಣ್ಣಿನ ತಪ್ಪಲ್ಲ. ತಪ್ಪ ನಂದು. ವರ್ಷಾತು, ಹೇಳಾಕ ಆಗಲಿಲ್ಲ."

ಬೇವಿನ ಎಲೆಯೊಂದು ಕಂಬಳಿಯ ಮೇಲೆ ಬಿತ್ತು. ಭೀಮಸಿ ಅದನ್ನು ಎತ್ತಿ ಆಡಿಗೆ ಹಿಡಿದ. ಅದು ತಿಂದು ಮುಗಿಸಿತು. ಆಮೇಲೆ ಕನ್ನಡಕ ತೆಗೆದ. ಗಾಜಿನ ಭಾರಕ್ಕೆ ಮೂಗಿನ ಎರಡೂ ಬದಿ ಕುಳಿ ಬಿದ್ದಿತ್ತು. ಕಬ್ಬಿನಾಚೆ, ಏರಿಯ ಮೇಲೆ, ಯಾರದೋ ಹಿಂಡು ಹೊರಟಿತ್ತು. ಅತ್ತ ನೋಡಿದ.

"ವಿಕ್ರಾಂತ, ಆ ಹಿಂಡಿನ್ಯಾಗ ಕಡೀಕ ಒಂದು ಕರೀ ಕುರಿ ಐತೆಲ್ಲಪಾ."

ವಿಕ್ರಾಂತನಿಗೆ ಕಂಡದ್ದು ಒಂದು ಚುಕ್ಕೆ. "ಐತ್ರಿ ಕಾಕಾ."

"ಕುಂಟತೈತಿ. ಮುಂದಿನ ಎಡಗಾಲು."

ವಿಕ್ರಾಂತ ಕಣ್ಣು ಕಿರಿದು ಮಾಡಿದ. ಚುಕ್ಕೆ ಏರಿಯ ತುದಿಗೆ ಬಂತು. ಆಕಾಶಕ್ಕೆ ಎದುರಾಗಿ ನಾಲ್ಕು ಕಾಲು ಬಿಡಿಯಾದವು. ಅದರಲ್ಲೊಂದು ನೆಲಕ್ಕೆ ಮುಟ್ಟಿ ಮುಟ್ಟದೆ ಮೇಲೇಳುತ್ತಿತ್ತು.

"ಹೌದ್ರಿ" ಎಂದ. "ಎಡಗಾಲ."

"ಮಿರಜಿ ಡಾಕ್ಟರ ಹೋದ ವರ್ಷನ ಹೇಳಿದ್ನಪಾ" ಎಂದ ಭೀಮಸಿ ಏರಿಯಿಂದ ಕಣ್ಣು ತೆಗೆಯದೆ. "ಅಜ್ಜಾ, ನಿಂದು ಹದ್ದಿನ ಕಣ್ಣು, ಏನೂ ಆಗಿಲ್ಲ, ಮನಿಗಿ ಹೋಗು ಅಂದ. ಇವಗೇನ ತಿಳಿತೈತಿ ಮಣ್ಣು ಅಂತ ಅವನ್ನ ಬೈದ ಬಂದ್ನಿ. ಬಂದು, ಸಂತ್ಯಾಗ ಈ ಕನ್ನಡಕ ತಗೊಂಡ್ನಿ. ಹಾಕ್ಕೊಂಡ್ರ ಎಲ್ಲಾ ಮಸಕ ಮಸಕ. ನೋಡಪಾ, ಕಣ್ಣ ಖರೇನ ಹೋಗ್ಯಾವು ಅಂದ್ನಿ."

ಕನ್ನಡಕವನ್ನು ಲಗಮಣ್ಣನ ಟೋಪಿಯೊಳಗೆ ಹಾಕಿದ. ಹಾಕಿ, ನಗಲು ಶುರು ಮಾಡಿದ.

ಮೊದಲು ಹೆಗಲು ಮಾತ್ರ ಕುಣಿದವು. ಆಮೇಲೆ ದನಿ ಬಂತು. ಹಿಂಡು ಕೂಗಿ ಕೂಗಿ ಗಟ್ಟಿಯಾದ ಗಂಟಲು ಅದು. ನಗೆ ಬೇವಿನ ಮರ ದಾಟಿ ಕಬ್ಬಿನೊಳಗೆ ಹೋಯಿತು. ಆಡು ಬೆದರಿ ಹಗ್ಗ ಜಗ್ಗಿತು. ವಿಕ್ರಾಂತನೂ ನಗಬೇಕೇನೋ ಎಂದು ತುಟಿ ಅಗಲಿಸಿದವನು ಮುತ್ಯಾನ ಮುಖ ನೋಡಿ ಮುಚ್ಚಿಕೊಂಡ. ಲಗಮಣ್ಣ ಟೋಪಿಯನ್ನು ತುಂಬಿದ ಪಾತ್ರೆಯಂತೆ ಹಿಡಿದು ನಿಂತಿದ್ದ.

ದುಂಡವ್ವ ಹೊಸ್ತಿಲಲ್ಲಿದ್ದಳು. ಯಾವಾಗ ಬಂದಳೋ, ಎಷ್ಟು ಕೇಳಿದಳೋ. ಎರಡೂ ಕೈಯಲ್ಲಿ ಚಹದ ಕಪ್-ಬಸಿಗಳಿದ್ದವು. ಮುಂದೆ ಬರಲಿಲ್ಲ, ಹಿಂದಕ್ಕೂ ಹೋಗಲಿಲ್ಲ. ಚಹದ ಮೇಲೆ ಮೆಲ್ಲಗೆ ಕೆನೆ ಕಟ್ಟತೊಡಗಿತ್ತು. ಭೀಮಸಿ ತೊಡೆ ತಟ್ಟಿಕೊಂಡು ಇನ್ನೂ ನಗುತ್ತಲೇ ಇದ್ದ.